ಗಾಜಿಗೆ ಎಣ್ಣೆ

“ಗಾಜಿಗೆ ಒಂಚೂರು ಎಣ್ಣೆ ಸವರು. ಆಮೇಲೆ ರವೆ ಹರಡು. ಆಗ ಅಂಟಲ್ಲ.”

ಟೈಪ್ ಮಾಡಿದ್ದನ್ನು ನಿಹಾರಿಕಾ ಇನ್ನೊಮ್ಮೆ ಓದಿದಳು. ಹಿಂದೆ ತಿರುಗಿ ನೋಡಿದಳು. ಅಪ್ಪ ಒಲೆಯ ಮುಂದೆ ನಿಂತು ದೊಡ್ಡ ಬಾಣಲೆಯಲ್ಲಿ ರವೆ ಹುರಿಯುತ್ತಿದ್ದರು. ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಅವಳು ತಟ್ಟನೆ ಮುಂದಕ್ಕೆ ತಿರುಗಿ ಸೆಂಡ್ ಒತ್ತಿಯೇ ಬಿಟ್ಟಳು.

ಸುಳ್ಳು! ಹಸಿ ಹಸಿ ಸುಳ್ಳು. ಎಣ್ಣೆ ಸವರಿದ ಗಾಜಿಗೆ ರವೆ ಮೆತ್ತಿಕೊಳ್ಳದೆ ಇನ್ನೇನು ಮಾಡುತ್ತದೆ? ಅದು ನಿಹಾರಿಕಾಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದಳು.

“ಏನದು, ಅಷ್ಟ್ ಫಾಸ್ಟ್ ಟೈಪ್ ಮಾಡ್ಲಿಕತ್ತಿ?” ಅಪ್ಪ ಕೇಳಿದರು. ಅಪ್ಪ ಧಾರವಾಡದವರು. ಟೆಕ್ಸಾಸಿಗೆ ಬಂದು ಎಷ್ಟು ವರ್ಷವಾದರೂ ಅವರ ಮಾತು ಮಾತ್ರ ಧಾರವಾಡ ಬಿಟ್ಟು ಬಂದಿರಲಿಲ್ಲ.

“ನಥಿಂಗ್ ಅಪ್ಪಾ. ಹೋಮ್‌ವರ್ಕ್.”

“ಹೋಮ್‌ವರ್ಕಾ? ಹಂಗಾರ ಮಾಡವಾ, ಮಾಡು.” ಅಪ್ಪ ರವೆಯನ್ನು ಕೈಯಾಡಿಸುತ್ತ ಹಾಡು ಗುನುಗತೊಡಗಿದರು.

ಸಂಗತಿ ಏನೆಂದರೆ, ಮೆಕಿನ್ನಿ ಎಂಬ ಊರಿನಲ್ಲಿ ಐದನೇ ಗ್ರೇಡ್ ಓದುವ ಈ ನಿಹಾರಿಕಾ ರವೆಯಲ್ಲಿ ಸಿನಿಮಾ ಮಾಡುತ್ತಾಳೆ. ನಗಬೇಡಿ, ಉಪ್ಪಿಟ್ಟಿನ ರವೆಯೇ! ಫೋಟೋ ಫ್ರೇಮಿನ ಗಾಜನ್ನು ದಪ್ಪ ಪುಸ್ತಕಗಳ ಮೇಲೆ ಇಡುತ್ತಾಳೆ. ಅದರ ಕೆಳಗೆ ಟ್ಯಾಬ್ಲೆಟ್ಟಿನ ಬಿಳಿ ಬೆಳಕು. ಗಾಜಿನ ಮೇಲೆ ರವೆ ಹರಡಿ ಬೆರಳಿನಿಂದ ಚಿತ್ರ ಬಿಡಿಸುತ್ತಾಳೆ. ಬೆಳಕಿನ ಮೇಲೆ ರವೆ ಕಪ್ಪಗೆ ಕಾಣುತ್ತದೆ. ಒಂದು ಫೋಟೋ ಕ್ಲಿಕ್. ಚಿತ್ರವನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಂದು ಕ್ಲಿಕ್. ಫೋಟೋಗಳನ್ನೆಲ್ಲ ಸೇರಿಸಿ ಓಡಿಸಿದರೆ ರವೆಯ ಹಕ್ಕಿ ರೆಕ್ಕೆ ಬಡಿದು ಹಾರುತ್ತದೆ.

ಇಂಥ ಸಿನಿಮಾಗಳನ್ನು ಹಾಕಲು ‘ಜಂಪಿಫ್ರೇಮ್’ ಎಂಬ ವೆಬ್‌ಸೈಟ್ ಇದೆ. ಅಲ್ಲಿ ಮಕ್ಕಳದೇ ರಾಜ್ಯ. ಬರೆಯುವುದೆಲ್ಲ ಇಂಗ್ಲಿಷಿನಲ್ಲಿ, ಬರೆದದ್ದೆಲ್ಲ ಎಲ್ಲರಿಗೂ ಕಾಣುತ್ತದೆ. ನಿಜವಾದ ಹೆಸರು ಹಾಕುವ ಹಾಗಿಲ್ಲ. ನಿಹಾರಿಕಾ ಅಲ್ಲಿ ‘ರವಾರಾಣಿ’. ಸಿನಿಮಾ ಹಾಕಿದವರು ಅದನ್ನು ಹೇಗೆ ಮಾಡಿದೆ ಎಂದೂ ಬರೆಯಬೇಕು, ಯಾರಿಂದ ಏನು ಕಲಿತೆ ಎಂದು ಕೊನೆಯಲ್ಲಿ ಥ್ಯಾಂಕ್ಸ್ ಕೂಡ ಹೇಳಬೇಕು. ಅದು ಅಲ್ಲಿಯ ರೂಲ್. ಅಂದರೆ, ಯಾರ ಜೊತೆ ಪೈಪೋಟಿಯೋ ಅವರಿಂದಲೇ ಕಲಿಯುವುದು, ಅವರಿಗೇ ಕಲಿಸುವುದು.

ನಿಹಾರಿಕಾ ಅತಿ ಹೆಚ್ಚು ಕಲಿತದ್ದು ‘ಸ್ಲೋಟರ್ಟಲ್’, ಅಂದರೆ ನಿಧಾನದ ಆಮೆ, ಎಂಬ ಹುಡುಗನಿಂದ. ಅವನದು ಹ್ಯೂಸ್ಟನ್ ಪಕ್ಕದ ಸೈಪ್ರೆಸ್. “ಹಕ್ಕಿ ಹಾರೋಕೆ ಮುಂಚೆ ಒಂಚೂರು ಕೆಳಗೆ ಬಗ್ಗತ್ತೆ. ಅದನ್ನ ಫಸ್ಟ್ ತೋರಿಸು. ಆಮೇಲೆ ಹಾರಿಸು,” ಎಂದು ಅವನೇ ಅವಳಿಗೆ ಬರೆದಿದ್ದ. ಹಾಗೆ ಮಾಡಿದ್ದೇ ತಡ, ಅವಳ ಹಕ್ಕಿಗೆ ಜೀವ ಬಂದುಬಿಟ್ಟಿತು.

ಆಮೇಲೆ ಒಂದು ದಿನ ಅವನು ಕೇಳಿದ: “ನಿನ್ನ ನೋಡಿ ನಾನೂ ರವೆ ಟ್ರೈ ಮಾಡ್ತಾ ಇದೀನಿ. ನಮ್ಮನೇಲಿ ಬನ್ಸಿ ರವೆ, ಚಿರೋಟಿ ರವೆ ಎರಡೂ ಇದೆ. ಯಾವ್ದು ಬೆಸ್ಟ್?”

ಅರೆ, ಇವನೂ ಕನ್ನಡದವನೇ! ಬೇರೆಯವರಿಗೆ ಬನ್ಸಿ, ಚಿರೋಟಿ ಎಲ್ಲಿಂದ ಗೊತ್ತಾಗಬೇಕು? ನಿಹಾರಿಕಾಗೆ ಖುಷಿಯಾಯಿತು. ಬನ್ಸಿ ಎಂದು ಬರೆದಳು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಜಂಪಿಫ್ರೇಮ್‌ನಲ್ಲಿ ಟೆಕ್ಸಾಸ್ ಮಕ್ಕಳಿಗೆಂದೇ ಕಾಂಟೆಸ್ಟ್ ಶುರುವಾಯಿತು. ವಿಷಯ ‘ನನ್ನ ಬೀದಿ’. ಆರಿಸಿದ ಸಿನಿಮಾಗಳನ್ನು ಆಸ್ಟಿನ್ನಿನ ಲೈಬ್ರರಿಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತಾರಂತೆ! ನಿಹಾರಿಕಾ ಸಂಜೆ ಹೊತ್ತು ದಿನಸಿ ಅಂಗಡಿಯ ಪಾರ್ಕಿಂಗ್ ಲಾಟಿಗೆ ಹಿಂಡು ಹಿಂಡಾಗಿ ಬಂದು ಕಿರುಚಾಡುವ ಗ್ರ್ಯಾಕಲ್ ಎಂಬ ಕಪ್ಪು ಹಕ್ಕಿಗಳ ಕತೆ ಮಾಡತೊಡಗಿದಳು. ಸ್ಲೋಟರ್ಟಲ್ ಮಳೆ ಬಂದು ನೀರು ತುಂಬಿದ ತನ್ನ ಬೀದಿಯನ್ನು ದಾಟುವ ಆಮೆಯ ಕತೆ ಹಿಡಿದ. ಅದರ ಒಂದು ಚೂರನ್ನು ಎಲ್ಲರಿಗೂ ನೋಡಲು ಹಾಕಿದ.

ನಿಹಾರಿಕಾ ಅದನ್ನು ನೋಡಿದಳು. ಮತ್ತೆ ನೋಡಿದಳು. ಆಮೆ ಕತ್ತು ಹೊರಗೆ ಚಾಚಿ, ಆ ಕಡೆ ಈ ಕಡೆ ನೋಡಿ, ಒಂದು ಕಾಲು ಎತ್ತಿ ಇಡುತ್ತಿತ್ತು. ಥೇಟ್ ನಿಜವಾದ ಆಮೆ! ರವೆ ಅವಳದು, ಐಡಿಯಾ ಅವಳದು, ಚಂದ ಮಾತ್ರ ಅವನದು.

ಅದೇ ಹೊತ್ತಿಗೆ ಅವನ ಪ್ರಶ್ನೆ ಬಂತು. “ಹೆಲ್ಪ್! ಹ್ಯೂಸ್ಟನ್ ಗಾಳಿ ಗೊತ್ತಲ್ಲ, ಫುಲ್ ತೇವ. ರವೆ ಬೆರಳಿಗೆಲ್ಲ ಅಂಟತ್ತೆ, ಗಂಟು ಗಂಟಾಗತ್ತೆ. ನಿನ್ನ ರವೆ ಹೇಗೆ ಅಷ್ಟು ಉದುರುದುರು ಇರತ್ತೆ?”

ಉತ್ತರ ಅವಳ ಬೆನ್ನ ಹಿಂದೆಯೇ ಘಮಘಮ ಎನ್ನುತ್ತಿತ್ತು. ಹುಳ ಬೀಳಬಾರದೆಂದು ಅಪ್ಪ ಯಾವಾಗಲೂ ರವೆ ಹುರಿದೇ ಡಬ್ಬಿಗೆ ತುಂಬುತ್ತಾರೆ. ಹುರಿದ ರವೆ ಅಂಟುವುದಿಲ್ಲ, ಅಷ್ಟೇ. “ಹುರಿದುಕೋ” ಎಂದು ಒಂದೇ ಒಂದು ಮಾತು ಬರೆದಿದ್ದರೆ ಆಗುತ್ತಿತ್ತು. ಅವಳು ಎಣ್ಣೆ ಎಂದು ಬರೆದಳು.

ಮರುದಿನ ಸ್ಕೂಲ್ ಬಸ್ಸಿನಿಂದ ಇಳಿದವಳೇ ಓಡಿ ಬಂದು ನೋಡಿದಳು. ಸ್ಲೋಟರ್ಟಲ್‌ನಿಂದ ಏನೂ ಇಲ್ಲ. ಅದರ ಮರುದಿನವೂ ಇಲ್ಲ. ಅವನಿಗೆ ಗೊತ್ತಾಗಿಬಿಟ್ಟಿತೇ? ಎಲ್ಲರಿಗೂ ಹೇಳಿಬಿಡುತ್ತಾನೆಯೇ? ಹಕ್ಕಿ ಬಿಡಿಸುವಾಗ ಗಮನ ತಪ್ಪಿ ರೆಕ್ಕೆ ಕೆಟ್ಟಿತು.

ಕೊನೆಗೆ ಒಂದು ಫೋಟೋ ಬಂತು. ಗಾಜಿನ ತುಂಬ ಜಿಡ್ಡು. ನಡುವೆ ಆಮೆಯೋ ಆಲೂಗಡ್ಡೆಯೋ ಗೊತ್ತಾಗದ ಒಂದು ಮುದ್ದೆ. ಕೆಳಗೆ ಅವನು ಬರೆದಿದ್ದ: “ನನ್ನ ಸೀನ್ ಎಲ್ಲ ಹಾಳಾಯ್ತು. ನಾನೇ ಎಣ್ಣೆ ಜಾಸ್ತಿ ಹಾಕ್ಬಿಟ್ಟೆ ಅನ್ಸತ್ತೆ. ರವಾರಾಣಿ ಸರಿಯಾಗೇ ಹೇಳಿದ್ಲು. ಮತ್ತೆ ಟ್ರೈ ಮಾಡ್ತೀನಿ.”

ನಿಹಾರಿಕಾಳ ಕಿವಿ ಬಿಸಿಯಾಯಿತು. ಬಯ್ದಿದ್ದರೆ ವಾಪಸ್ ಬಯ್ಯಬಹುದಿತ್ತು. ಈ ಪುಣ್ಯಾತ್ಮ ತಪ್ಪನ್ನು ತನ್ನ ಮೇಲೇ ಹಾಕಿಕೊಂಡು ಕೂತಿದ್ದಾನಲ್ಲ! ಇನ್ನೂ ಟೈಮ್ ಇತ್ತು. “ಬೇಡ, ಎಣ್ಣೆ ಬೇಡ” ಎನ್ನಬಹುದಿತ್ತು. ಆದರೆ ಯಾಕೆ ಹಾಗೆ ಹೇಳಿದೆ ಎಂದು ಅವನು ಕೇಳಿದರೆ? ಅವಳು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು.

ಅಷ್ಟಕ್ಕೇ ಮುಗಿಯಲಿಲ್ಲ. ಆಸ್ಟಿನ್ನಿನ ‘ಪಿಕಲ್‌ಪಪ್’ ಎಂಬ ಪುಟ್ಟ ಮಗು ಕೂಡ ರವಾರಾಣಿಯ ಟಿಪ್ ಓದಿತ್ತು. ಅದು ಬರೆಯಿತು: “ನಾನೂ ಎಣ್ಣೆ ಹಾಕಿದೆ. ಅಮ್ಮನ ಟ್ಯಾಬ್ಲೆಟ್ ಮೇಲೆಲ್ಲ ಚೆಲ್ಲಿತು. ಅಮ್ಮ ಬೈದ್ರು. ನಾನಿನ್ನು ಫಿಲ್ಮ್ ಮಾಡಲ್ಲ.” ಜೊತೆಗೆ ಅಳುವ ಮುಖಗಳ ಸಾಲು.

ನಿಹಾರಿಕಾ ಅದನ್ನು ಓದಿ, ಓದಲೇ ಇಲ್ಲ ಎನ್ನುವ ಹಾಗೆ ಮೇಲಕ್ಕೆ ತಳ್ಳಿದಳು. ಊಟಕ್ಕೆ ಕೂತವಳು ಅನ್ನವನ್ನು ತಟ್ಟೆಯಲ್ಲೇ ಅತ್ತಿತ್ತ ಸರಿಸುತ್ತಿದ್ದಳು.

“ಯಾಕ, ಸಾರು ಸಪ್ಪಗ ಆಗೇದೇನು?” ಅಪ್ಪ ಕೇಳಿದರು.

“ಇಲ್ಲ, ಚೆನ್ನಾಗಿದೆ,” ಎಂದು ತಲೆ ಬಗ್ಗಿಸಿದಳು.

ಅವಳ ಸಿನಿಮಾ ಮುಗಿಯಿತು. ಕೊನೆಯಲ್ಲಿ ಥ್ಯಾಂಕ್ಸ್ ಬರೆಯುವ ಜಾಗ ಬಂತು. ಹಕ್ಕಿ ಬಗ್ಗಿ ಹಾರುವುದನ್ನು ಕಲಿಸಿದವನ ಹೆಸರು ಅಲ್ಲಿ ಬರಬೇಕಿತ್ತು. ಆ ಹೆಸರು ಟೈಪ್ ಮಾಡಲು ಬೆರಳೇ ಏಳಲಿಲ್ಲ. ‘ಅಪ್ಪನಿಗೆ’ ಎಂದಷ್ಟೇ ಬರೆದು ಕಳಿಸಿದಳು.

ಆಸ್ಟಿನ್ನಿಗೆ ಹೋಗುವವರ ಹೆಸರು ಬಂದಾಗ ಅದರಲ್ಲಿ ರವಾರಾಣಿ ಇತ್ತು. ಸ್ಲೋಟರ್ಟಲ್ ಕೂಡ ಇತ್ತು! ಅದನ್ನು ನೋಡಿ ನಿಹಾರಿಕಾಳ ಎದೆ ಹಗುರಾಯಿತು. ಸದ್ಯ, ಅವನ ಸಿನಿಮಾ ಹಾಳಾಗಿಲ್ಲ. ಹಾಗಾದರೆ ನಾನು ಮಾಡಿದ್ದೂ ದೊಡ್ಡ ತಪ್ಪೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಶನಿವಾರ ಅಪ್ಪನೇ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋದರು. ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಲೈಬ್ರರಿಯ ಹಾಲ್ ಮಕ್ಕಳಿಂದ, ಅಪ್ಪ ಅಮ್ಮಂದಿರಿಂದ ತುಂಬಿತ್ತು. ದೀಪ ಆರಿತು.

ಮೊದಲು ನಿಹಾರಿಕಾಳ ಗ್ರ್ಯಾಕಲ್‌ಗಳು ಬಂದವು. ಪಾರ್ಕಿಂಗ್ ಲಾಟಿನ ಕಂಬದಿಂದ ಬಗ್ಗಿ, ಪುರ್ರೆಂದು ಹಾರಿ, ಯಾರದೋ ಕಾರಿನ ಮೇಲೆ ಕೂತವು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅಪ್ಪ ಸೀಟಿನಿಂದ ಅರ್ಧ ಎದ್ದೇ ಬಿಟ್ಟಿದ್ದರು. ಮುಂದಿನ ಸಾಲಿನಲ್ಲಿ ಒಬ್ಬ ಕನ್ನಡಕದ ಹುಡುಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ಆಮೇಲೆ ಆಮೆ ಬಂತು.

ಅಬ್ಬಾ! ಬೀದಿ ತುಂಬ ನೀರು. ನಿಜವಾದ ನೀರಿನ ಹಾಗೆ ಮಿರಮಿರ ಮಿಂಚಿ, ಅಲೆ ಅಲೆಯಾಗಿ ಸರಿಯುವ ನೀರು. ಅದರಲ್ಲಿ ಆಮೆ ಕತ್ತು ಎತ್ತಿ ಈಜುತ್ತಿತ್ತು. ರವೆಯಲ್ಲಿ ಇಂಥ ನೀರು ಬರಲು ಸಾಧ್ಯವೇ ಇಲ್ಲ. ಒಂದು ಗಳಿಗೆ ನಿಹಾರಿಕಾ ಎಲ್ಲವನ್ನೂ ಮರೆತು ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಹೊಳೆಯಿತು. ಅದು ಎಣ್ಣೆ! ಗಾಜಿಗೆ ಸವರಿದ ಎಣ್ಣೆಯನ್ನು ಬೆರಳಿನಿಂದ ಸರಿಸಿ ಸರಿಸಿ ಅವನು ಅಲೆ ಮಾಡಿದ್ದ.

ಸಿನಿಮಾ ಮುಗಿದು ಪರದೆಯ ಮೇಲೆ ದೊಡ್ಡ ಅಕ್ಷರ ಮೂಡಿತು: ‘ಥ್ಯಾಂಕ್ಸ್: ಎಣ್ಣೆಯ ಐಡಿಯಾ ಕೊಟ್ಟ ರವಾರಾಣಿಗೆ.’

“ನಿನ್ನ ಹೆಸರು ನೋಡು, ನಿಹಾ! ನಿನ್ನ ಹೆಸರು!” ಅಪ್ಪ ಅವಳ ಭುಜ ಹಿಡಿದು ಅಲುಗಾಡಿಸಿದರು. ಅವರ ಮುಖ ಅರಳಿತ್ತು.

ಲೈಬ್ರರಿಯ ಮೇಡಂ ಮೈಕ್ ಹಿಡಿದು, “ರವಾರಾಣಿ ಯಾರು? ದಯವಿಟ್ಟು ಎದ್ದು ನಿಲ್ಲು. ಎಣ್ಣೆಯ ಐಡಿಯಾ ನಿನಗೆ ಹೇಗೆ ಬಂತು?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ತಿರುಗಿ ನೋಡಿದರು. ಕನ್ನಡಕದ ಹುಡುಗ ಸೀಟಿನ ಮೇಲೆ ಮೊಣಕಾಲೂರಿ ನಿಂತು, ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದ.

ನಿಹಾರಿಕಾ ಎದ್ದು ನಿಂತಳು. ಮೈಕ್ ಹತ್ತಿರ ಬಂತು. ಈಗ ಹೇಳಿಬಿಡಬೇಕು ಎಂದುಕೊಂಡಳು.

“ಸುಮ್ನೆ... ಹಾಗೇ ಹೊಳೀತು,” ಎಂದಳು.

ಹಾಲ್ ತುಂಬ ಚಪ್ಪಾಳೆ. ಆ ಒಂದೊಂದು ಚಪ್ಪಾಳೆಯೂ ಕೆನ್ನೆಗೆ ಬಿದ್ದ ಹಾಗಾಯಿತು ಅವಳಿಗೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಲೈಬ್ರರಿಯ ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿದ್ದರು, ಅದು ಬಾಯಿ ಬಿಡಲಿಲ್ಲ.

ಅಂದಹಾಗೆ, ಮೊದಲ ಬಹುಮಾನ ಇವರಿಬ್ಬರಿಗೂ ಬರಲಿಲ್ಲ. ಡಲ್ಲಾಸಿನ ಯಾರೋ ಹುಡುಗಿ ಬಣ್ಣದ ಕಾಗದ ಕತ್ತರಿಸಿ ಮಾಡಿದ ಬಸ್ಸಿನ ಕತೆಗೆ ಹೋಯಿತು. ಎಣ್ಣೆಯೂ ಇಲ್ಲ, ರವೆಯೂ ಇಲ್ಲ!

ಎಲ್ಲರೂ ಹೊರಗೆ ಕುಕೀ ತಿನ್ನಲು ನೂಕಾಡುತ್ತಿದ್ದಾಗ ಆ ಕನ್ನಡಕದ ಹುಡುಗ ನೇರ ಇವಳ ಹತ್ತಿರ ಓಡಿ ಬಂದ.

“ಹಾಯ್! ನಾನೇ ಸ್ಲೋಟರ್ಟಲ್. ಚಿನ್ಮಯ್ ಅಂತ. ನೀನು ಕನ್ನಡ ಮಾತಾಡ್ತೀಯಾ? ನಂಗೆ ಗೊತ್ತಿತ್ತು! ನಿನ್ನ ಬರ್ಡ್ಸ್ ಸಖತ್ತಾಗಿತ್ತು.” ಉಸಿರು ಬಿಡದೆ ಹೇಳಿ ಅವನು ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದ. “ಇದು ನೋಡು. ನಮ್ಮನೆ ರವೆ. ನಿಂಗೆ ತೋರಿಸೋಣ ಅಂತ ಸೈಪ್ರೆಸ್‌ನಿಂದ ತಂದೆ. ನೀರಿಗೆ ಎಣ್ಣೆ ಸೂಪರ್. ಆದ್ರೆ ಆಮೆ ಮಾಡೋವಾಗ ರವೆ ಈಗ್ಲೂ ಅಂಟತ್ತೆ. ನಾನು ಎಲ್ಲಿ ತಪ್ಪು ಮಾಡ್ತಿದೀನಿ ಹೇಳ್ತೀಯಾ?”

ಡಬ್ಬಿಯೊಳಗೆ ತೇವಕ್ಕೆ ಗಂಟುಗಟ್ಟಿದ ರವೆ. ನಿಹಾರಿಕಾ ಒಂದು ಗಂಟನ್ನು ಬೆರಳಲ್ಲಿ ಹಿಸುಕಿದಳು. ಇವನು ಅಷ್ಟು ದೂರದಿಂದ ಇದನ್ನು ಹೊತ್ತು ತಂದಿದ್ದಾನೆ. ನನ್ನನ್ನು ಕೇಳಲೆಂದು!

“ನೀನೇನೂ ತಪ್ಪು ಮಾಡಿಲ್ಲ,” ಎಂದಳು. “ರವೆ ಹುರೀಬೇಕು. ಎಣ್ಣೆ ಹಾಕಬಾರದು. ನಾನು ಸುಳ್ಳು ಹೇಳಿದ್ದೆ.”

ಚಿನ್ಮಯ್ ನಕ್ಕ. “ಜೋಕಾ?”

“ಇಲ್ಲ. ನಿನ್ನ ಆಮೆ ನನ್ನ ಬರ್ಡ್ಸ್‌ಗಿಂತ ಚೆನ್ನಾಗಿತ್ತು. ಅದು ಕೆಟ್ಟು ಹೋಗ್ಲಿ ಅಂತ ಹೇಳ್ದೆ.”

ಅವನ ನಗು ಹಾಗೇ ಮುಖದ ಮೇಲೆ ನಿಂತು, ಆಮೇಲೆ ನಿಧಾನವಾಗಿ ಇಳಿದು ಹೋಯಿತು. “ಬೇಕಂತ್ಲೇ?” ಎಂದ.

ನಿಹಾರಿಕಾ ಹೌದೆಂದು ತಲೆಯಾಡಿಸಿದಳು.

“ಆ ಸೀನ್ ಕೆಟ್ಟಾಗ ನಾನು ಅತ್ತಿದ್ದೆ, ಗೊತ್ತಾ? ನಂಗೆ ಮಾಡಕ್ಕೇ ಬರಲ್ಲ ಅಂದ್ಕೊಂಡೆ.” ಅವನು ಡಬ್ಬಿಯ ಮುಚ್ಚಳ ಹಾಕಿದ. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ಒತ್ತಿದ. “ಮತ್ತೆ ಪಿಕಲ್‌ಪಪ್? ಅದು ಫಿಲ್ಮ್ ಮಾಡೋದೇ ಬಿಟ್ಬಿಡ್ತು. ಅದಕ್ಕೆ ಯಾರು ಹೇಳ್ತಾರೆ?”

ಅವಳ ಉತ್ತರಕ್ಕೆ ಕಾಯದೆ ಅವನು ತನ್ನ ಅಮ್ಮನ ಕಡೆ ನಡೆದುಬಿಟ್ಟ.

ವಾಪಸ್ ಬರುವಾಗ ಅಪ್ಪ ಒಬ್ಬರೇ ಮಾತಾಡುತ್ತಿದ್ದರು. ಆಮೆ ಹೆಂಗಿತ್ತು, ಹಕ್ಕಿ ಹೆಂಗಿತ್ತು, ಎಲ್ಲರೂ ಹೆಂಗ ಚಪ್ಪಾಳಿ ಹೊಡೆದರು ಎಂದು. ನಿಹಾರಿಕಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಚಿನ್ಮಯ್‌ಗೆ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು. ಎಲ್ಲಿ ಸರಿಹೋಯಿತು? ಇನ್ನೂ ಭಾರವಾಗಿತ್ತು.

“ಅಪ್ಪಾ,” ಎಂದಳು. ಅಳು ಬಂದೇ ಬಿಟ್ಟಿತು. ಬಿಕ್ಕುತ್ತ ಬಿಕ್ಕುತ್ತ ಎಲ್ಲ ಹೇಳಿದಳು. ಹೋಮ್‌ವರ್ಕ್ ಅಂದದ್ದೂ ಹೇಳಿದಳು.

ಅಪ್ಪ ಬಯ್ಯಲಿಲ್ಲ. ಆದರೆ ಅವರ ಮುಖದ ಮೇಲಿದ್ದ ಸಂತೋಷ ಸರ್ರನೆ ಇಳಿದದ್ದು ಕನ್ನಡಿಯಲ್ಲಿ ಕಂಡಿತು. ಬೈಗುಳವೇ ವಾಸಿಯಿತ್ತು. ಅವರು ಕೇಳಿದರು: “ಈಗೇನ್ ಮಾಡ್ತಿ?”

“ಸೈಟಲ್ಲಿ ಬರೀಬೇಕು. ಎಲ್ರಿಗೂ ಕಾಣೋ ಹಾಗೆ.”

“ಮನೀಗ್ ಹೋಗಿ ಬರೀತಿಯೋ?”

ಮನೆಗೆ ಹೋದರೆ ಬರೆಯುವುದಿಲ್ಲ ಎಂದು ನಿಹಾರಿಕಾಗೆ ತನ್ನ ಬಗ್ಗೆ ಗೊತ್ತಿತ್ತು. “ಈಗ್ಲೇ,” ಎಂದಳು.

ಅಪ್ಪ ಮುಂದಿನ ಎಕ್ಸಿಟ್ ತೆಗೆದುಕೊಂಡು ಒಂದು ಬೇಕರಿಯ ಮುಂದೆ ಕಾರು ನಿಲ್ಲಿಸಿದರು. ತಮ್ಮ ಫೋನ್ ಅವಳ ಕೈಗೆ ಕೊಟ್ಟು, “ನಾ ಒಳಗ ಹೋಗಿ ಬರ್ತೀನಿ,” ಎಂದು ಇಳಿದರು.

ನಿಹಾರಿಕಾ ಬರೆದಳು: “ಸಾರಿ. ಎಣ್ಣೆ ಸವರಿ ಎಂದು ನಾನು ಬೈ ಮಿಸ್ಟೇಕ್ ಹೇಳಿದ್ದೆ.”

ಓದಿದಳು. ಚೆನ್ನಾಗಿ ಕಾಣುತ್ತಿತ್ತು. ಯಾರೂ ಏನೂ ಅನ್ನುವುದಿಲ್ಲ. ಆದರೆ “ಬೇಕಂತ್ಲೇ?” ಎಂದಾಗಿನ ಚಿನ್ಮಯ್‌ನ ಮುಖ ಕಣ್ಣ ಮುಂದೆ ಬಂತು. ಅವಳು ‘ಬೈ ಮಿಸ್ಟೇಕ್’ ಎಂಬುದನ್ನು ಅಳಿಸಿದಳು. ಮೂಗು ಒರೆಸಿಕೊಂಡು ಮತ್ತೆ ಟೈಪ್ ಮಾಡಿದಳು.

“ಎಣ್ಣೆ ಸವರಿದರೆ ಅಂಟಲ್ಲ ಎಂದು ನಾನು ಬೇಕಂತಲೇ ಸುಳ್ಳು ಹೇಳಿದ್ದೆ. ಸ್ಲೋಟರ್ಟಲ್ ಗೆಲ್ಲಬಾರದು ಅಂತ. ರವೆಯನ್ನು ಹುರಿಯಬೇಕು, ಅಷ್ಟೇ. ಪಿಕಲ್‌ಪಪ್, ನಿನ್ನದೇನೂ ತಪ್ಪಿಲ್ಲ, ಇದನ್ನ ನಿನ್ನ ಅಮ್ಮನಿಗೆ ತೋರಿಸು. ಎಣ್ಣೆಯಿಂದ ನೀರು ಮಾಡಿದ್ದು ಪೂರ್ತಿ ಸ್ಲೋಟರ್ಟಲ್ ಐಡಿಯಾ. ನನ್ನ ಹಕ್ಕಿಗಳಿಗೆ ಹಾರೋಕೆ ಕಲಿಸಿದ್ದೂ ಅವನೇ. ನಾನು ಥ್ಯಾಂಕ್ಸ್ ಹೇಳಿರಲಿಲ್ಲ.”

ಕಣ್ಣು ಮುಚ್ಚಿ ಪೋಸ್ಟ್ ಒತ್ತಿದಳು.

ಉತ್ತರಗಳು ಒಂದೊಂದಾಗಿ ಬಂದವು. ಯಾರೋ ಸಿಟ್ಟಿನ ಮುಖ ಹಾಕಿದರು. ಯಾರೋ “ಚೀ, ನೀನು ಹೀಗೆ ಅಂದ್ಕೊಂಡಿರಲಿಲ್ಲ” ಎಂದರು. ನಿಹಾರಿಕಾ ಫೋನನ್ನು ಸೀಟಿನ ಮೇಲೆ ಬೋರಲು ಹಾಕಿದಳು. ಆಮೇಲೆ ಮತ್ತೆ ಎತ್ತಿಕೊಂಡು ಬಂದದ್ದನ್ನೆಲ್ಲ ಓದಿದಳು. ಪಿಕಲ್‌ಪಪ್, “ಅಮ್ಮನಿಗೆ ತೋರಿಸಿದೆ. ಅಮ್ಮ ನಾಳೆ ರವೆ ಹುರಿದು ಕೊಡ್ತಾರಂತೆ,” ಎಂದಿತ್ತು.

ಅವಳು ಕಾಯುತ್ತಿದ್ದದ್ದು ಬೇರೆ ಹೆಸರಿಗೆ. ಕಾದು ಕಾದು ಸಾಕಾದ ಮೇಲೆ ಅದೂ ಬಂತು.

“ಓದಿದೆ.”

ಅಷ್ಟೇ. ಸ್ಲೋಟರ್ಟಲ್ ಬೇರೇನೂ ಬರೆದಿರಲಿಲ್ಲ. ‘ಪರವಾಗಿಲ್ಲ ಬಿಡು’ ಎಂದು ಅವನು ಬರೆಯುತ್ತಾನೇನೋ ಎಂದು ನಿಹಾರಿಕಾ ಕೆಳಗೆ ಎಳೆದು ಎಳೆದು ನೋಡಿದಳು. ಇಲ್ಲ.

ಬೇಕರಿಯ ಬಾಗಿಲು ತೆರೆದು ಅಪ್ಪ ಕಾಗದದ ಚೀಲ ಹಿಡಿದುಕೊಂಡು ಬಂದರು. “ಬರದ್ಯಾ? ಏನಂದ ಆ ಹುಡುಗ?”

“ಓದಿದೆ ಅಂದ.”

“ಮತ್ತ?”

“ಮತ್ತೇನಿಲ್ಲ.” ನಿಹಾರಿಕಾ ಫೋನನ್ನು ಅಪ್ಪನಿಗೆ ವಾಪಸ್ ಕೊಟ್ಟಳು. “ಅವನು ಏನೂ ಹೇಳಬೇಕಾಗಿಲ್ಲ ಅಪ್ಪಾ. ಹೇಳಬೇಕಾಗಿದ್ದದ್ದು ನಾನು.”

ಅಪ್ಪ ಕಾಗದದ ಚೀಲವನ್ನು ಅವಳ ತೊಡೆಯ ಮೇಲಿಟ್ಟರು. ಆಮೇಲೆ ಕಾರು ಸ್ಟಾರ್ಟ್ ಮಾಡಿದರು. ನಿಹಾರಿಕಾ ಸೀಟ್ ಬೆಲ್ಟ್ ಹಾಕಿಕೊಂಡಳು.